ಬಟ್ಟೆ ಬದಲಿಯ ಭಾನುವಾರ

ಬಟ್ಟೆ ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುವ ದಾರಿಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಇದು ಯಾರೋ ಹೇಳಿದ ಮಾತಲ್ಲ. ತಿಪಟೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದಷ್ಟು ವರ್ಷವೂ ತಿಂಗಳಿಗೊಮ್ಮೆ ತಪ್ಪದೆ ನಾನೇ ಕಂಡದ್ದು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಬಾಗಿಲು ತಟ್ಟದೆ ಒಳಗೆ ಬರಬಾರದು, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು, ಕರವಸ್ತ್ರದ ನಾಲ್ಕೂ ಮೂಲೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು ಎಂದು ಆರನೇ ವಯಸ್ಸಿಗೇ ಕಲಿತವಳು. ಹಾಸ್ಟೆಲಿಗೆ ಬಂದ ಮೊದಲ ವಾರವೇ ಹದಿನಾಲ್ಕು ನಿಯಮಗಳನ್ನು ನನ್ನ ಕೈಬರಹದಲ್ಲಿ ಬರೆದು, ಗಾಜು ಹಾಕಿಸಿ, ಊಟದ ಹಾಲಿನ ಗೋಡೆಗೆ ತೂಗುಹಾಕಿಸಿದೆ. ಏಳನೆಯದು ಹೀಗಿತ್ತು: "ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ತೊಡತಕ್ಕದ್ದಲ್ಲ." ನಾನು ಈಗ ಹೇಳುವುದೆಲ್ಲ ಆ ಏಳನೆಯ ನಿಯಮವನ್ನು ನಾನೇ ತಿದ್ದಿದ ಮೇಲೆ ನಡೆದದ್ದು.

ಜ್ವರ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿನ ದೊಡ್ಡ ರಸ್ತೆಯಲ್ಲಿ ರೆಡಿಮೇಡ್ ಅಂಗಡಿಗಳು ಸಾಲಾಗಿ ಎದ್ದಿದ್ದವು. ಮೂರು ತಿಂಗಳಿಗೊಂದು ಹೊಸ ಮಾಡಲ್ ಚೂಡಿದಾರ್. ಒಮ್ಮೆ ತೋಳು ಉದ್ದ, ಇನ್ನೊಮ್ಮೆ ಗಿಡ್ಡ, ಮತ್ತೊಮ್ಮೆ ತೋಳೇ ಇಲ್ಲ. ಮೂರು ಸಲ ಹಾಕಿದ್ದು ಹಳೆಯದು. ಮೂರು ಸಲ ಒಗೆದರೆ ಅದರಲ್ಲಿ ಕಾಫಿ ಸೋಸಬಹುದು. ಹುಡುಗಿಯರು ಮನೆಗೆ ಹೋಗಿ ಅತ್ತು ಕರೆದು ಹೊಸದು ತರುತ್ತಿದ್ದರು, ಹಿಂದಿನದು ಟ್ರಂಕಿನ ತಳ ಸೇರುತ್ತಿತ್ತು.

ತಿಂಗಳಿಗೊಮ್ಮೆ ನಾನು ಟ್ರಂಕುಗಳ ತಪಾಸಣೆ ಮಾಡುತ್ತಿದ್ದೆ. ಕೊಬ್ಬರಿ ಮಂಡಿಯ ಸಾಹುಕಾರರ ಮಗಳೊಬ್ಬಳಿದ್ದಳು. ಅವಳ ಟ್ರಂಕಿಗೆ ಬೀಗ ಹಾಕಬೇಕಾದರೆ ಇಬ್ಬರು ಗೆಳತಿಯರು ಮುಚ್ಚಳದ ಮೇಲೆ ಕೂರಬೇಕಿತ್ತು. ಎಣಿಸಿದೆ, ಹದಿನಾಲ್ಕು ಜೊತೆ. ಪಕ್ಕದ ಮಂಚದ ಹುಡುಗಿ ಬಿ.ಎ. ಮೊದಲ ವರ್ಷದವಳು. ಹುಳಿಯಾರಿನ ಆಚೆಯ ಒಂದು ಕುರಿಹಟ್ಟಿಯಿಂದ ಬಂದವಳು. ಅವಳ ಟ್ರಂಕಿನಲ್ಲಿದ್ದದ್ದು ಒಂದು ಹಸಿರು ಲಂಗ ದಾವಣಿ, ನಾಲ್ಕು ಪುಸ್ತಕ, ಒಂದು ಸ್ಟೀಲ್ ಲೋಟ. ಇನ್ನೊಂದು ಲಂಗ ದಾವಣಿ ಮೈಮೇಲಿತ್ತು. ಟ್ರಂಕು ಎತ್ತಿದರೆ ಲೋಟ ಆ ತುದಿಯಿಂದ ಈ ತುದಿಗೆ ಉರುಳುವ ಸದ್ದು ಕೇಳುತ್ತಿತ್ತು.

ಮಳೆಗಾಲ ಬಂತು. ಕಾಲೇಜಿನಿಂದ ಚೀಟಿ ಬಂತು. ಈ ಹಟ್ಟಿಯ ಹುಡುಗಿಯ ಹಾಜರಾತಿ ಕಡಿಮೆ, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು. ಕರೆಸಿ ಕೇಳಿದೆ. "ಜ್ವರ ಮೇಡಂ" ಅಂದಳು. ನನ್ನ ಹತ್ತಿರ ಥರ್ಮಾಮೀಟರ್ ಇತ್ತು. ನಾಲಗೆಯ ಕೆಳಗಿಟ್ಟೆ. ನನಗಿಂತ ಅವಳ ಮೈಯೇ ತಣ್ಣಗಿತ್ತು.

"ಜ್ವರ ಎಲ್ಲಿದೆ?"

ತಲೆ ತಗ್ಗಿಸಿದಳು. "ಒಣಗಿಲ್ಲ ಮೇಡಂ."

"ಏನು ಒಣಗಿಲ್ಲ?"

"ಲಂಗ. ಎರಡೂ ಹಸಿ. ಒಂದು ಮೈಮ್ಯಾಲೇ ಒಣಗ್ತೈತೆ."

ನನ್ನದೊಂದು ಸೀರೆ ಕೊಡುತ್ತೇನೆ, ಉಟ್ಟುಕೊಂಡು ಹೋಗು ಅಂದೆ. ಎರಡು ಹೆಜ್ಜೆ ಹಿಂದೆ ಸರಿದಳು. ಅವಳನ್ನು ಸಾಕಿದ್ದು ತಾತ. ಹಟ್ಟಿಯ ಶಾಲೆಗೆ ಮೇಷ್ಟ್ರು ಮೂರು ದಿನಕ್ಕೊಮ್ಮೆ ಬರುತ್ತಿದ್ದರಂತೆ. ತಾನೇ ಓದಿ ಟೀಚರಾಗಿ ದಿನಾಲೂ ಹೋಗುತ್ತೇನೆ ಎಂದು ಹಟ ಹಿಡಿದು, ತಾತನನ್ನು ಒಪ್ಪಿಸಿ ಬಂದಿದ್ದಳು. "ತಾತ ಒಂದೇ ಮಾತು ಹೇಳವ್ರೆ ಮೇಡಂ. ಯಾರ ಹಂಗಲ್ಲೂ ಇರಬ್ಯಾಡ. ಕಂಡೋರ ಮುಂದೆ ಕೈ ಚಾಚ್ದೆ ಅಂತ ಗೊತ್ತಾದ್ರೆ ಅವತ್ತೇ ಬಂದು ಬಸ್ ಹತ್ತಿಸ್ತೀನಿ, ಆಮ್ಯಾಕೆ ಓದು ಅನ್ನೋ ಮಾತೇ ಎತ್ತಂಗಿಲ್ಲ ಅಂತ."

"ಹಾಗಾದರೆ ಮಳೆ ನಿಲ್ಲುವವರೆಗೂ ಜ್ವರವೇ?"

"ಆಕಾಶಕ್ಕೂ ಹೇಳಿ ನೋಡಿದೀನಿ ಮೇಡಂ" ಅಂದಳು.

ಎರಡು ದಿನ ಯೋಚಿಸಿದೆ. ಕೊಟ್ಟರೆ ತಾನೇ ಹಂಗು? ಕೊಟ್ಟು ತೆಗೆದುಕೊಂಡರೆ? ದಪ್ಪ ಲಂಗ ಕೊಟ್ಟು, ಒಂದೇ ರಾತ್ರಿಗೆ ಒಣಗುವ ತೆಳು ಚೂಡಿದಾರ್ ತೆಗೆದುಕೊಂಡರೆ? ಒಂದು ಕಡೆ ಮುಚ್ಚಳ ಹಾಕಲಾಗದ ಟ್ರಂಕು, ಇನ್ನೊಂದು ಕಡೆ ಲೋಟ ಉರುಳುವ ಟ್ರಂಕು. ಗಾಜು ಬಿಚ್ಚಿಸಿ ಏಳನೆಯ ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿದೆ: "ಪ್ರತಿ ತಿಂಗಳ ಮೊದಲ ಭಾನುವಾರ, ಊಟದ ಹಾಲಿನಲ್ಲಿ, ವಾರ್ಡನ್ನರ ಎದುರಿನಲ್ಲಿ, ಒಂದಕ್ಕೆ ಒಂದರಂತೆ ಬದಲಿಸಿಕೊಂಡದ್ದನ್ನು ಬಿಟ್ಟು."

ಹುಡುಗಿಯರು ಸಾಲಾಗಿ ನಿಂತು ಓದಿದರು. ಮಂಡಿಯ ಹುಡುಗಿ ಗೆಳತಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು: "ಲೇ, ಮೇಡಂಗೇ ಜ್ವರ ಬಂದೈತೆ ಕಣೇ."

ಮೊದಲ ಭಾನುವಾರ

ಊಟದ ಮೇಜುಗಳನ್ನು ಒರೆಸಿ, ಮೇಲೆ ಚಾದರ ಹಾಸಿಸಿದೆ. ಹುಡುಗಿಯರು ಬಟ್ಟೆ ತಂದರು. ತಂದದ್ದು ನೋಡಿದರೆ ಅಡಿಗೆಮನೆಯ ಮಸಿಬಟ್ಟೆಗಳಿಗೆ ಮರ್ಯಾದೆ ಬರುವಂತಿತ್ತು. ಎಲ್ಲರ ಲೆಕ್ಕಾಚಾರವೂ ಒಂದೇ: ತನ್ನದರಲ್ಲಿ ಕೆಟ್ಟದ್ದು ಕೊಟ್ಟು ಇನ್ನೊಬ್ಬಳದರಲ್ಲಿ ಒಳ್ಳೆಯದು ಎತ್ತುವುದು. ಮೂವತ್ತೆಂಟು ಹುಡುಗಿಯರನ್ನೂ ಹಿಂದಕ್ಕೆ ಕಳಿಸಿದೆ. "ನೀವು ತೊಡಲು ನಾಚುವುದನ್ನು ಇನ್ನೊಬ್ಬಳ ಮುಂದೆ ಇಡಬೇಡಿ. ಒಗೆದು, ಇಸ್ತ್ರಿ ಮಾಡಿ, ಗುಂಡಿ ಹೊಲಿದು ತನ್ನಿ." ಹಿಂದೆ ಹೋಗುವಾಗಿನ ಗೊಣಗಾಟ ಮೆಟ್ಟಿಲಿನುದ್ದಕ್ಕೂ ಕೇಳಿತು.

ಎರಡನೇ ಸಲ ಬಂದಾಗ ಮೇಜು ಬಟ್ಟೆ ಅಂಗಡಿಯಂತೆ ಕಂಡಿತು. ಎಲ್ಲಕ್ಕಿಂತ ಕೊನೆಗೆ ಹಟ್ಟಿಯ ಹುಡುಗಿ ತನ್ನ ಹಸಿರು ಲಂಗ ದಾವಣಿಯನ್ನು ಮಡಿಸಿ ಇಟ್ಟಳು. ನಾಲ್ಕು ಮೂಲೆಯೂ ಸರಿಯಾಗಿ ಕೂತಿದ್ದವು.

ಯಾರೂ ಮುಟ್ಟಲಿಲ್ಲ. ಚೂಡಿದಾರುಗಳು ಕೈಯಿಂದ ಕೈಗೆ ಹಾರುತ್ತಿದ್ದವು, ಲಂಗ ಮಾತ್ರ ಅಲ್ಲೇ ಕೂತಿತ್ತು. ಆ ಹುಡುಗಿ ಕಿಟಕಿಯ ಆಚೆ ನೋಡುತ್ತ ನಿಂತಿದ್ದಳು. ನಾನು ತಪ್ಪು ಮಾಡಿದೆನೇನೋ ಅನ್ನಿಸಿತು. ನಾನು ಬರೆದ ನಿಯಮದಿಂದಲೇ ಆ ಮಗುವಿಗೆ ಎಲ್ಲರೆದುರು ಅವಮಾನವಾದರೆ?

ಅಷ್ಟರಲ್ಲಿ ಮಂಡಿಯ ಹುಡುಗಿ, ಬರೀ ಅಲಂಕಾರದ ಗೊಂಬೆ ಎಂದು ನಾನು ತಿಳಿದಿದ್ದವಳು, ಜನರನ್ನು ತಳ್ಳಿಕೊಂಡು ಬಂದು ಲಂಗವನ್ನು ಎದೆಗೆ ಅವುಚಿಕೊಂಡಳು. "ಇದು ನಂದು! ಯಾರೂ ಮುಟ್ಟಂಗಿಲ್ಲ. ನಮ್ಮಮ್ಮ ನಂಗೆ ಒಂದ್ ದಿನಾನೂ ಲಂಗ ದಾವಣಿ ಹೊಲಿಸಿಲ್ಲ, ಹಳ್ಳಿ ಗುಗ್ಗು ಅಂತಾರೆ ಅಂತ." ತನ್ನ ಹಳದಿ ರೇಷ್ಮೆಯಂಥ ಚೂಡಿದಾರನ್ನು ಹಟ್ಟಿಯ ಹುಡುಗಿಯ ಕೈಗೆ ತುರುಕಿದಳು.

ಹಟ್ಟಿಯ ಹುಡುಗಿ ಥ್ಯಾಂಕ್ಸ್ ಎನ್ನಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದಳು. ತೋಳು ಎಳೆದಳು, ಕಂಕುಳ ತಿರುವಿದಳು, ಅಂಚು ಹಿಂಡಿದಳು. ಸಂತೆಯಲ್ಲಿ ಕುರಿಯ ಹಲ್ಲು ನೋಡುವವರು ಹೀಗೇ ನೋಡುತ್ತಾರೆ.

"ಅಕ್ಕ, ಇಲ್ಲಿ ಹೊಲಿಗೆ ಬುಟ್ಟೈತೆ."

"ಅಯ್ಯೋ, ಅಷ್ಟೇ ತಾನೆ? ನೀನೇ ಹೊಲ್ಕೋ ಕಣೇ."

"ನಾನು ಕೊಟ್ಟಿರದ್ರಲ್ಲಿ ಹೊಲಿಗೆ ಬುಟ್ಟೈತಾ? ನೋಡಕ್ಕ."

ನಿಯಮದ ಪ್ರಕಾರ ಹಟ್ಟಿಯ ಹುಡುಗಿಯ ಮಾತೇ ಸರಿ. ಸಾಹುಕಾರರ ಮಗಳನ್ನು ಮೂಲೆಯಲ್ಲಿ ಕೂರಿಸಿ ಸೂಜಿ ದಾರ ಕೊಟ್ಟೆ. ಉಳಿದವರೆಲ್ಲ ಬದಲಿಸಿಕೊಂಡು, ಹಾಕಿಕೊಂಡು, ಕನ್ನಡಿ ನೋಡಿಕೊಂಡು, ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಅವಳು ಸೂಜಿಯ ಕಣ್ಣಿಗೆ ದಾರ ಪೋಣಿಸಿದ್ದಳು.

ಹೊನ್ನವಳ್ಳಿಯ ಬಣ್ಣ

ನಮ್ಮ ಕಡೆ ತೆಂಗಿನ ತೋಟದ ಮನೆಗಳಲ್ಲಿ ಎಳನೀರಿನ ಕರೆ ಹತ್ತದ ಬಟ್ಟೆ ಇರುವುದಿಲ್ಲ. ಒಂದು ಹನಿ ಬಿದ್ದರೆ ಬಟ್ಟೆ ಹರಿಯುವ ತನಕ ಆ ಕಂದು ಕಲೆ ಹೋಗುವುದಿಲ್ಲ. ಸೋಪು, ನಿಂಬೆಹಣ್ಣು, ಬಿಸಿಲು, ಬೈಗುಳ ಯಾವುದಕ್ಕೂ ಅದು ಜಗ್ಗುವುದಿಲ್ಲ.

ಹೊನ್ನವಳ್ಳಿಯಿಂದ ಬಂದ ಒಬ್ಬಳು ಮೂರು ಭಾನುವಾರ ಒಂದೇ ಬಿಳಿ ಚೂಡಿದಾರ್ ತಂದಳು. ಎದೆಯ ಮೇಲೆ ಅಂಗೈ ಅಗಲದ ಕರೆ. ಮೊದಲ ಸಲ "ಇದು ಡಿಸೈನು" ಅಂದಳು. ಎರಡನೇ ಸಲ ಬ್ಯಾಡ್ಜ್ ಚುಚ್ಚಿಕೊಂಡರೆ ಕಾಣುವುದಿಲ್ಲ ಅಂದಳು. ಮೂರನೇ ಸಲ ಹಟ್ಟಿಯ ಹುಡುಗಿ ಅದನ್ನು ತಿರುವಿ ನೋಡಿ, "ಕರೆ ಒಂದ್ ಕಡೆ ಇದ್ರೆ ಕೊಳೆ. ಎಲ್ಲಾ ಕಡೆ ಇದ್ರೆ ಬಣ್ಣ ಅಲ್ವೇನಕ್ಕ?" ಅಂದಳು.

ಮುಂದಿನ ಶನಿವಾರ ನಾನು ತುಮಕೂರಿಗೆ ಹೋಗಿದ್ದೆ. ವಾಪಸ್ಸು ಬಂದು ನೋಡಿದರೆ ಹಿತ್ತಲಿನಲ್ಲಿ ಸ್ನಾನದ ಹಂಡೆ ಒಲೆಯ ಮೇಲೆ ಕುದಿಯುತ್ತಿದೆ. ಒಳಗೆ ಎಳನೀರು ಬುರುಡೆಯ ಚೂರುಗಳು, ಆ ಚೂರುಗಳ ನಡುವೆ ಚೂಡಿದಾರ್. ಹುಡುಗಿಯರು ದೊಣ್ಣೆ ಹಿಡಿದು ಸರದಿಯ ಮೇಲೆ ತಿರುವುತ್ತಿದ್ದಾರೆ. ಅನುಮತಿಯಿಲ್ಲದೆ ಹಂಡೆ ಮುಟ್ಟಿದ್ದಕ್ಕೆ ಎಲ್ಲರಿಗೂ ಒಂದು ವಾರ ಅಂಗಳ ಗುಡಿಸುವ ಶಿಕ್ಷೆ ಕೊಟ್ಟೆ. ಹಂಡೆಯಿಂದ ಬಣ್ಣ ಬಿಡಲು ಆ ವಾರವೆಲ್ಲ ಹಿಡಿಯಿತು. ಅಷ್ಟು ದಿನವೂ ಸ್ನಾನದ ನೀರು ಚಹಾದಂತಿತ್ತು, ಬಿಳಿ ಟವೆಲುಗಳು ಕೊಬ್ಬರಿ ಸಿಪ್ಪೆಯ ಬಣ್ಣಕ್ಕೆ ತಿರುಗಿದವು. ಅವುಗಳಲ್ಲಿ ನನ್ನದೂ ಒಂದು.

ಆದರೆ ಆ ಚೂಡಿದಾರ್! ಮಾಗಿದ ಜೇನಿನಂಥ ಬಣ್ಣ. ಅದಕ್ಕಾಗಿ ಐವರು ಜಗಳವಾಡಿ ಕೊನೆಗೆ ಚೀಟಿ ಎತ್ತಬೇಕಾಯಿತು. ಮುಂದಿನ ತಿಂಗಳು ಕಲೆ ಬಿದ್ದ ಬಿಳಿ ಬಟ್ಟೆಗಳೆಲ್ಲ ಹಂಡೆಗಿಳಿದವು, ಈ ಸಲ ನನ್ನ ಅನುಮತಿಯೊಂದಿಗೆ, ಹಳೆಯ ತೂತು ಹಂಡೆಗೆ ಬೆಸುಗೆ ಹಾಕಿಸಿ.

ಸ್ವಲ್ಪ ದಿನಕ್ಕೆ ಬಟ್ಟೆ ಅಂಗಡಿಯವರೊಬ್ಬರು ಗೇಟಿನವರೆಗೂ ಬಂದರು. "ಮೇಡಂ, ನಿಮ್ಮ ಹುಡುಗೀರು ಹಾಕ್ಕಂಡು ಓಡಾಡ್ತಾರಲ್ಲ, ಆ ಬಣ್ಣದ್ದು ಗಿರಾಕಿಗಳು ಕೇಳ್ತಾವ್ರೆ. ಎಲ್ಲಿಂದ ತರಿಸ್ತೀರಿ?"

ನಾನು ಉತ್ತರ ಹುಡುಕುವಷ್ಟರಲ್ಲಿ ಹೊನ್ನವಳ್ಳಿಯ ಹುಡುಗಿ ಅಂದಿನ ಪಾಳಿಯ ಕಸಪೊರಕೆ ಹಿಡಿದೇ ಹೇಳಿದಳು: "ಸಿಗಲ್ಲ ಕಣಣ್ಣ. ಸ್ಟಾಕೆಲ್ಲ ಮರದ ಮೇಲೈತೆ."

ತುರುವೇಕೆರೆಯ ತಾಯಿ

ಹಟ್ಟಿಯ ಹುಡುಗಿಗೆ ಈಗ ತರಗತಿ ತಪ್ಪುತ್ತಿರಲಿಲ್ಲ. ಆದರೆ ಅವಳ ಎದೆ ಒಮ್ಮೆ ಒಡೆಯುವುದರಲ್ಲಿತ್ತು.

ತುರುವೇಕೆರೆಯಿಂದ ಒಬ್ಬ ತಾಯಿ ಮಗಳನ್ನು ನೋಡಲು ಬಂದರು. ಕೈಯಲ್ಲಿ ಚಕ್ಕುಲಿ ಡಬ್ಬ. ಕಾರಿಡಾರಿನಲ್ಲಿ ಎದುರಿಗೆ ಹಟ್ಟಿಯ ಹುಡುಗಿ ಬಂದಳು, ನೀಲಿ ಚೂಡಿದಾರ್ ತೊಟ್ಟು. ತಾಯಿ ಡಬ್ಬವನ್ನು ನೆಲಕ್ಕಿಟ್ಟು ಅವಳ ತೋಳು ಹಿಡಿದುಕೊಂಡರು.

"ಏನೇ ಇದು? ದೀಪಾವಳಿಗೆ ನಾನು ನನ್ನ ಮಗಳಿಗೆ ತಂದಿದ್ದು! ಕದ್ದು ಹಾಕ್ಕೊಂಡು ಹಾಡುಹಗಲೇ ತಿರುಗ್ತೀಯಾ?"

ನನ್ನ ಕೋಣೆಯಿಂದ ನಾನು ಓಡಿದೆ. ಓಡಬಾರದು ಎನ್ನುವುದು ಹನ್ನೊಂದನೇ ನಿಯಮ. ನಡುವೆ ನಿಂತು, "ತೋಳು ಬಿಡಿ" ಅಂದೆ. "ಈ ಮಗು ಕದಿಯುವುದಿಲ್ಲ. ಇದು ನಿಯಮದ ಪ್ರಕಾರ, ನನ್ನೆದುರು, ಒಂದಕ್ಕೆ ಒಂದು ಬದಲಾದದ್ದು."

"ಏನು ಕೊಟ್ಟಳು ಇವಳು? ಇವಳ ಹತ್ರ ಏನಿದೆ ಕೊಡೋಕೆ?"

ಆ ಮಾತು ಹುಡುಗಿಗೆ ತಾಗಿದ್ದು ನನಗೆ ಕಂಡಿತು. ನೀಲಿ ಚೂಡಿದಾರ್ ಕಳಚಿ ಕೊಡಲು ಕೋಣೆಯತ್ತ ತಿರುಗಿದಳು.

ಅದೇ ಹೊತ್ತಿಗೆ ಆ ತಾಯಿಯ ಮಗಳು ಮೆಟ್ಟಿಲಿಳಿದು ಬಂದಳು. ಮೈಮೇಲೆ ಆ ಹಳದಿ ಚೂಡಿದಾರ್. ಮಂಡಿಯ ಸಾಹುಕಾರರು ಮೈಸೂರಿನಿಂದ ತರಿಸಿದ್ದು, ಹಟ್ಟಿಯ ಹುಡುಗಿಗೆ ಬಂದದ್ದು, ಎರಡು ತಿಂಗಳು ತೊಟ್ಟು ಇವಳಿಗೆ ಬದಲಾದದ್ದು. ಬೆಳಕಿಗೆ ಅದು ಚಿನ್ನದ ಹಾಗೆ ಹೊಳೆಯುತ್ತಿತ್ತು. ತಾಯಿ ಮಗಳ ದುಪ್ಪಟ್ಟದ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. ಇನ್ನೊಮ್ಮೆ ಉಜ್ಜಿದರು.

"ಇದು ಇವಳು ಕೊಟ್ಟಿದ್ದಾ?"

"ಹೂಂ ಅಮ್ಮ."

ತಾಯಿ ಡಬ್ಬ ಎತ್ತಿಕೊಂಡು, ಮುಚ್ಚಳ ತೆಗೆದು, ಹಟ್ಟಿಯ ಹುಡುಗಿಯ ಮುಂದೆ ಹಿಡಿದರು. "ತಗೊಳ್ಳವ್ವ, ಚಕ್ಕುಲಿ ತಿನ್ನು. ಕೊಟ್ಟಿದ್ದನ್ನ ವಾಪಸ್ ಕೇಳೋ ಅಭ್ಯಾಸ ನಮ್ ವಂಶದಲ್ಲೇ ಇಲ್ಲ." ಹುಡುಗಿ ಕಿಸೆ ತಡಕಿ ಎರಡು ಪೆಪ್ಪರ್‌ಮಿಂಟ್ ತೆಗೆದು ಅವರ ಕೈಗಿಟ್ಟು, ಆಮೇಲೆ ಎರಡು ಚಕ್ಕುಲಿ ತೆಗೆದುಕೊಂಡಳು.

ಸೀರೆಗೆ ಬಂದ ಗಂಡು

ಹುಳಿಯಾರಿನ ಎರಡನೇ ವರ್ಷದ ಹುಡುಗಿಯೊಬ್ಬಳಿಗೆ ಮನೆಯಿಂದ ಫೋನು ಬಂತು, ಗಂಡಿನ ಕಡೆಯವರು ನೋಡಲು ಬರುತ್ತಾರೆ, ತಕ್ಷಣ ಹೊರಡು ಎಂದು. ಅವಳು ಬದಲಿಯಲ್ಲಿ ಬಂದಿದ್ದ ಒಂದು ಕುಂಕುಮ ಬಣ್ಣದ ಸೀರೆಯನ್ನು ಚೀಲಕ್ಕೆ ತುರುಕಿಕೊಂಡು ಬಸ್ ಹತ್ತಿದಳು.

ಗಂಡಿನವರು ಚಿಕ್ಕನಾಯಕನಹಳ್ಳಿಯಿಂದ ವ್ಯಾನಿನಲ್ಲಿ ಬಂದಿಳಿದರು. ಅವರಲ್ಲಿ ಹುಡುಗನ ತಂಗಿಯೂ ಇದ್ದಳು. ಅವಳೂ ನಮ್ಮ ಹಾಸ್ಟೆಲಿನವಳೇ. ಆ ಸೀರೆ ಕೊಟ್ಟವಳೂ ಅವಳೇ. ಯಾರ ಮನೆಗೆ ಹೋಗುತ್ತಿದ್ದೇವೆ ಎಂದು ದೊಡ್ಡವರು ಅವಳಿಗೆ ಹೇಳಿರಲಿಲ್ಲ. ಇಬ್ಬರೂ ಬಾಯಿ ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿದರಂತೆ.

ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಗ್ಗಿದಾಗ ಹುಡುಗನ ತಾಯಿಯ ಕಣ್ಣು ಸೆರಗಿನ ಮೇಲೆ ನೆಟ್ಟಿತು.

"ಸೀರೆ ಚೆನ್ನಾಗಿದೆ. ಎಲ್ಲಿ ತಂದಿದ್ದು?"

ಹುಡುಗಿಯ ತಂದೆಗೆ ಏನೂ ತಿಳಿಯದು. ಆದರೂ ಮೀಸೆ ತಿರುವಿ, "ಬೆಂಗಳೂರಿಂದ್ಲೇ ತರಿಸಿದ್ದು ಕಣ್ರೀ" ಅಂದರು.

"ಹೌದಾ? ಇಲ್ಲಿ ನೋಡಿ, ಊದಿನಕಡ್ಡಿ ಕಿಡಿ ಬಿದ್ದು ತೂತಾಗಿದ್ದಕ್ಕೆ ನಾನೇ ರಫು ಮಾಡಿದ್ದು. ಬೆಂಗಳೂರಲ್ಲೂ ನಂದೇ ಕೈ ಇದೆ ಅಂತಾಯ್ತು."

ತಂದೆಯ ಮೀಸೆ ಇಳಿಯಿತು. ಹುಡುಗನ ತಂಗಿ ಭಾನುವಾರದ ಕಥೆಯನ್ನೆಲ್ಲ ತೊದಲುತ್ತ ಹೇಳಿದಳು. ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಹುಡುಗನ ಅಜ್ಜಿ ಗಟ್ಟಿಯಾಗಿ ಕೇಳಿದರಂತೆ: "ಒಪ್ಪಿಗೆ ಆದ್ಮೇಲೆ ಗಂಡಿನ ಕಡೆಯೋರು ತಾನೇ ಹೆಣ್ಣಿಗೆ ಸೀರೆ ಉಡಿಸೋದು? ನಮ್ ಸೀರೆ ಆಗ್ಲೇ ಉಟ್ಕಂಡು ನಿಂತವ್ಳೆ. ಇನ್ನೇನ್ ಮಾತುಕತೆ? ತಟ್ಟೆ ಬದಲಾಯಿಸ್ಕಳಿ ಅತ್ಲಾಗೆ!"

ಹುಡುಗಿಗೂ ಗಂಡು ಒಪ್ಪಿಗೆಯಾಗಿದ್ದ. ಡಿಗ್ರಿ ಮುಗಿದ ಮೇಲೆ ಮದುವೆ ಎಂದು ಮಾತಾಯಿತು. ಸೋಮವಾರ ಬಂದು ನನಗೆ ಹೇಳಿದಾಗ ನಾನು ಎಂದಿನಂತೆ ಕೇಳಿದೆ, "ಆ ಸೀರೆಗೆ ನೀನು ಬದಲಿ ಏನು ಕೊಟ್ಟಿದ್ದೆ?"

"ಒಂದು ಚೂಡಿದಾರ್, ಮೇಡಂ."

"ಮತ್ತೆ ಹುಡುಗ?"

"ಕೊಸರು ಮೇಡಂ" ಅಂದು ಓಡಿಹೋದಳು.

ತಾತ

ಆ ಕಥೆ ಹುಳಿಯಾರಿನಲ್ಲಿ ಮನೆಮನೆಗೂ ಹಬ್ಬಿತು, ಅಲ್ಲಿಂದ ಗುರುವಾರದ ಸಂತೆಗೆ ಬಂತು, ಸಂತೆಯಿಂದ ಹಟ್ಟಿಗೆ ಹೋಯಿತು. ಹೋಗುವಾಗ ದಾರಿಯಲ್ಲಿ ಅರ್ಧ ಉದುರಿಹೋಯಿತು. ಹಟ್ಟಿ ಮುಟ್ಟಿದ್ದು ಇಷ್ಟೇ: ಹಾಸ್ಟೆಲಿನಲ್ಲಿ ಹುಡುಗಿಯರು ಕಂಡವರ ಬಟ್ಟೆ ಹಾಕಿಕೊಂಡು ಓದುತ್ತಾರೆ.

ಜನವರಿಯ ಒಂದು ಬೆಳಿಗ್ಗೆ, ಚಳಿ ಇನ್ನೂ ಇಳಿದಿರಲಿಲ್ಲ, ಒಬ್ಬರು ಮುದುಕರು ನನ್ನ ಆಫೀಸಿನ ಮುಂದೆ ನಿಂತಿದ್ದರು. ಕೂರಿ ಎಂದರೆ ಕೂರಲಿಲ್ಲ. ಬಿಳಿ ರುಮಾಲು, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು. ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟಿದ್ದರು. ಬೆನ್ನು ನೆಟ್ಟಗೆ ಇಟ್ಟುಕೊಳ್ಳಿ ಎಂದು ದಿನಕ್ಕೆ ಹತ್ತು ಸಲ ಹುಡುಗಿಯರಿಗೆ ಹೇಳುತ್ತಿದ್ದವಳು ನಾನು. ಇವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮೊಮ್ಮಗಳ್ನ ಕರ್ಕಂಡೋಗಕ್ಕೆ ಬಂದಿವ್ನಿ ತಾಯಿ. ಟ್ರಂಕು ಕಟ್ಟಕ್ಕೆ ಹೇಳಿ."

"ಪರೀಕ್ಷೆಗೆ ಇನ್ನು ಎರಡೇ ತಿಂಗಳಿದೆ. ಚೆನ್ನಾಗಿ ಓದುತ್ತಿದ್ದಾಳೆ. ಮಳೆಗಾಲದಿಂದೀಚೆಗೆ ಒಂದು ದಿನವೂ ತರಗತಿ ತಪ್ಪಿಸಿಲ್ಲ."

"ಓದು ಹೋದ್ರೆ ಹೋಗ್ಲಿ. ಸಂತೇಲಿ ಕುರಿ ಕೊಳ್ಳೋರು ನನ್ ಮೊಕ ನೋಡಿ ನಗ್ತಾವ್ರೆ, ಗೌಡ್ರ ಮೊಮ್ಮಗಳು ಕಂಡೋರ ಬಟ್ಟೇಲಿ ಬಿ.ಎ. ಮಾಡ್ತಾಳಂತೆ ಅಂತ."

ಹುಡುಗಿ ಬಾಗಿಲ ಬಳಿ ಬಂದು ನಿಂತಿದ್ದಳು. ಅಳಲಿಲ್ಲ, ವಾದಿಸಲಿಲ್ಲ. ಅವಳ ಹಿಂದೆ ಕಾರಿಡಾರಿನಲ್ಲಿ ಇಡೀ ಹಾಸ್ಟೆಲು. ನಾನು ಏಳನೆಯ ನಿಯಮವನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ಕೊಟ್ಟು ತಗಂಡ್ಲು ಅಂತೀರಿ. ಸರಿ. ನಮ್ ಬಟ್ಟೇನ ಯಾರ್ ತಗಂಡ್ರು?"

ಮಂಡಿಯ ಹುಡುಗಿ ಮುಂದೆ ಬಂದಳು. ಅದೃಷ್ಟಕ್ಕೆ ಅವತ್ತು ಹಸಿರು ಲಂಗವನ್ನೇ ಉಟ್ಟಿದ್ದಳು. "ನಾನು ತಾತ. ವಾರಕ್ಕೆ ಎರಡ್ ಸಲ ಹಾಕ್ತೀನಿ."

ತಾತ ಒಂದು ಕ್ಷಣ ಮೆತ್ತಗಾದಂತೆ ಕಂಡರು. ಮತ್ತೆ ಗಟ್ಟಿಯಾದರು. "ಇದು ಮಕ್ಕಳಾಟ. ಮಕ್ಕಳು ಏನ್ ಬೇಕಾರೂ ಹಾಕ್ಕತವೆ. ನೀವು ದೊಡ್ಡೋರು. ನೀವೆಷ್ಟ್ ಸಲ ಬದ್ಲಾಯಿಸ್ಕಂಡಿದೀರಿ ತಾಯಿ?"

"ಮೇಡಂ ಒಂದ್ ಸಲಾನೂ ಇಲ್ಲ ತಾತ" ಎಂದಳು ಮಂಡಿಯ ಹುಡುಗಿ. ಯಾರೂ ಅವಳನ್ನು ಕೇಳಿರಲಿಲ್ಲ.

"ಹಂಗಾರೆ ನಿಮ್ ಮರ್ಯಾದೆಗೆ ಕುಂದು, ನಮ್ ಮಕ್ಕಳಿಗಾದ್ರೆ ಪರವಾಗಿಲ್ಲ. ಅಲ್ವರಾ?"

ಮಾತು ಸರಿಯೇ ಇತ್ತು. ಹುಡುಗಿಯರು ತಿಂಗಳು ತಿಂಗಳೂ "ನೀವೂ ತನ್ನಿ ಮೇಡಂ" ಅಂದಿದ್ದರು, ನಾನು ಮೇಲ್ವಿಚಾರಣೆ ಮಾಡುವವಳು ಎಂದು ಹೇಳಿ ದೂರ ಉಳಿದಿದ್ದೆ.

ಅವತ್ತು ನಾನು ತೊಟ್ಟಿದ್ದದ್ದು ಬೂದು ಬಣ್ಣದ, ಮುತ್ತಿನಂಥ ಗುಂಡಿಗಳ ಸ್ವೆಟರ್. ನನಗೆ ಪಾಠ ಹೇಳಿದ ಸಿಸ್ಟರ್ ಒಬ್ಬರು ತಮ್ಮ ಕೈಯಾರೆ ಹೆಣೆದು, ಶಾಲೆ ಬಿಡುವ ದಿನ ಕೊಟ್ಟದ್ದು. ಅಂದಿನಿಂದ ಪ್ರತಿ ಚಳಿಗಾಲವೂ ಅದೇ. ನನ್ನ ಸ್ವಂತ ತಂಗಿ ಕೇಳಿದಾಗಲೂ ಕೊಟ್ಟಿರಲಿಲ್ಲ. ಒಂದೊಂದೇ ಗುಂಡಿ ಬಿಚ್ಚಿದೆ. ಮಡಿಸಿ ಮೇಜಿನ ಮೇಲಿಟ್ಟೆ.

"ಒಂದಕ್ಕೆ ಒಂದು" ಅಂದೆ.

ತಾತ ನನ್ನನ್ನು ನೋಡಿದರು. ಸ್ವೆಟರ್ ಎತ್ತಿದರು. ಬೆಳಕಿಗೆ ಹಿಡಿದರು, ತೋಳು ಎಳೆದರು, ಒಳಗು ತಿರುವಿದರು, ಮೂಸಿದರು. "ಉಣ್ಣೆ ಒಳ್ಳೇದು. ಸೀಮೆ ಕುರಿ" ಅಂದರು. ಆಮೇಲೆ ಹೆಗಲ ಮೇಲಿನ ಕಂಬಳಿ ತೆಗೆದು, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

ತಗೊಂಡು ಹೊದ್ದೆ. ಮೈಯೆಲ್ಲ ಚುಚ್ಚಿತು. ಅದರ ವಾಸನೆಯನ್ನು ನಾನು ವಿವರಿಸುವುದಿಲ್ಲ, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೂ ಒಂದು ಕಾರಣ ಎಂದಷ್ಟೇ ಹೇಳುತ್ತೇನೆ. ತಾತ ರುಮಾಲು ಸರಿಪಡಿಸಿಕೊಂಡು ಸ್ವೆಟರ್ ಏರಿಸಿದರು. ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತಿತು. ಗುಂಡಿ ಹಾಕಿಕೊಂಡರು, ಆದರೆ ಒಂದು ತಪ್ಪಿ ಎಲ್ಲವೂ ಸೊಟ್ಟ. ನನಗೆ ನೋಡಲಾಗಲಿಲ್ಲ. ಬಿಚ್ಚಿ, ಕೆಳಗಿನಿಂದ ಮೇಲಿನವರೆಗೆ ಸರಿಯಾಗಿ ಹಾಕಿದೆ. ಅವರು ಶಾಲೆಯ ಮಗುವಿನಂತೆ ಗಲ್ಲ ಎತ್ತಿ ನಿಂತಿದ್ದರು.

ಕಾಲೇಜಿನ ಪ್ರಿನ್ಸಿಪಾಲರು ಬರಲು ಅದೇ ಹೊತ್ತು ಆಗಬೇಕೆ? ಬಾಗಿಲಲ್ಲಿ ನಿಂತು ಕಂಬಳಿ ಹೊದ್ದ ನನ್ನನ್ನು ನೋಡಿದರು, ಸ್ವೆಟರ್ ತೊಟ್ಟ ತಾತನನ್ನು ನೋಡಿದರು, "ಆಮೇಲೆ ಬರುತ್ತೇನೆ" ಎಂದು ಹಿಂದಕ್ಕೆ ಹೋದರು.

"ಈಗ ಒಪ್ಪಿದಿರಾ?" ಎಂದು ತಾತನನ್ನು ಕೇಳಿದೆ.

"ಎಲ್ಲಿ ಒಪ್ಪೋದು? ಲೆಕ್ಕ ಸರಿ ಹೋಗ್ಲಿಲ್ಲ." ಅವರು ಮೊಳಕೈ ಚಾಚಿ ಕಂಬಳಿಯ ಉದ್ದ ತೋರಿಸಿದರು. "ನನ್ದು ಆರು ಮೊಳ. ನಿಮ್ದು ಎಳೆದೆಳೆದು ಅಳೆದ್ರೂ ಎರಡು ಮೊಳ ಆಗಲ್ಲ."

"ಹಾಗಂದರೆ?"

"ಹಂಗಂದ್ರೆ ಯಾರ ಹಂಗಲ್ಲಿ ಯಾರವ್ರೆ? ನೀವ್ ನಮ್ ಹಂಗಲ್ಲಿದೀರಿ ತಾಯಿ!" ಅಲ್ಲಿಯವರೆಗೆ ಮೊಮ್ಮಗಳತ್ತ ತಿರುಗದವರು ಈಗ ತಿರುಗಿದರು. ಮುಖವೆಲ್ಲ ನಗು. "ನೀನ್ ಇಲ್ಲೇ ಇರವ್ವ. ಬಾಕಿ ನಾಕು ಮೊಳಕ್ಕೆ ಇವರು ನಿನ್ನ ಮೇಷ್ಟ್ರಮ್ಮನ್ ಮಾಡಿ ಕೊಡ್ಲಿ."

ಹುಡುಗಿ ಆಗ ಅತ್ತಳು. ಕಾರಿಡಾರಿನಲ್ಲಿ ಮೂವತ್ತೇಳು ಹುಡುಗಿಯರು ಚಪ್ಪಾಳೆ ತಟ್ಟಿದರು. ಗಲಾಟೆ ಮಾಡಬಾರದು ಎನ್ನುವುದು ಮೂರನೇ ನಿಯಮ, ನನಗೆ ನೆನಪಾಗಲಿಲ್ಲ.

ಬೀಳ್ಕೊಡಲು ಗೇಟಿನವರೆಗೂ ಹೋದೆ. ತಾತ ಚಪ್ಪಲಿ ಮೆಟ್ಟಿ, ಮುತ್ತಿನ ಗುಂಡಿಗಳನ್ನು ಬಿಸಿಲಿಗೆ ಮಿಂಚಿಸುತ್ತ ಬಸ್ ಸ್ಟ್ಯಾಂಡಿನ ಕಡೆ ಹತ್ತು ಹೆಜ್ಜೆ ನಡೆದರು. ಕಂಬಳಿಯನ್ನು ಎಷ್ಟು ಬಕೆಟ್ ಬಿಸಿನೀರಿನಲ್ಲಿ, ಎಷ್ಟು ಸೋಪಿನಲ್ಲಿ ನೆನೆಸಬೇಕು ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರು ಏನೋ ಮರೆತವರಂತೆ ತಿರುಗಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ತಾಯಿ! ಯಾವ್ ಕಾರಣಕ್ಕೂ ಅದನ್ನ ಒಗೀಬ್ಯಾಡಿ! ಆ ವಾಸ್ನೆ ಕೂರಕ್ಕೆ ಎಂಟ್ ವರ್ಸ ಹಿಡಿದೈತೆ!"